ಇಳಿಸಿದ ಕೈ

ಎರಡೇ ಅಕ್ಷರ. ಅದನ್ನು ಅಳಿಸಲು ಆಗಲೇ ಎರಡು ಬಕೆಟ್ ನೀರು ಖರ್ಚಾಗಿತ್ತು.

ಸೀಮೆಸುಣ್ಣದಲ್ಲಿ ಗೀಚಿದ್ದರೆ ಒಂದು ಸಲ ಒರೆಸಿದರೆ ಹೋಗುತ್ತಿತ್ತು. ಬರೆದ ಪುಣ್ಯಾತ್ಮ ಟಾರು ಹಿಡಿದು ಬಂದಿದ್ದ. ‘ದ್ರೋಹಿ’ ಎಂದು, ಸತ್ತವಳ ಮನೆಯ ಬಾಗಿಲ ಮೇಲೆ, ಬಾಗಿಲಿನಷ್ಟೇ ಅಗಲಕ್ಕೆ.

ಮೂರನೇ ಮಹಡಿಗೆ ಏರಿ ಬಂದ ಪತ್ತೇದಾರ ಕಂಬಿ ಹಿಡಿದು ನಿಂತು ಸುಧಾರಿಸಿಕೊಂಡ. ಪೊಲೀಸ್ ಕೆಲಸದಿಂದ ನಿವೃತ್ತನಾದವನಿಗೆ ಇಲಾಖೆ ಉಳಿಸಿಕೊಟ್ಟದ್ದು ಒಂದು ಕೆಟ್ಟ ಮಂಡಿ, ಅದಕ್ಕಿಂತ ಕೆಟ್ಟ ಕುತೂಹಲ. ಸತ್ತವಳ ಮಗಳು ಹೇಳಿಕಳಿಸಿದಾಗ ಮಂಡಿ ಬೇಡ ಬೇಡ ಎಂದರೂ ಕುತೂಹಲ ಅವನನ್ನು ದರದರ ಎಳೆದುಕೊಂಡು ಬಂದಿತ್ತು.

“ಬಿಡಮ್ಮ, ನಾನು ಉಜ್ತೀನಿ. ಬೆರಳೆಲ್ಲ ಹೇಗಾಗಿದೆ ನೋಡು,” ಎನ್ನುತ್ತಿದ್ದ ಅವಳ ಸೋದರಮಾವ.

“ಇರ್ಲಿ ಮಾವ,” ಎಂದಳು ಮಗಳು, ಉಜ್ಜುತ್ತಲೇ. ಆಸ್ಪತ್ರೆಯಲ್ಲಿ ನರ್ಸ್. ಹಗಲೆಲ್ಲ ಊರವರ ಗಾಯ ಒರೆಸುವ ಕೈ ಈಗ ಮನೆಯ ಬಾಗಿಲು ಒರೆಸುತ್ತಿತ್ತು. “ಇದು ಹೋಗೋವರೆಗೂ ನನಗೆ ಅನ್ನ ಇಳಿಯಲ್ಲ.”

ಟಾರು ಹೋಗುತ್ತಿರಲಿಲ್ಲ. ಹರಡುತ್ತಿತ್ತು, ಅಷ್ಟೆ.

ಅವಳ ತಾಯಿ ಸಾಣೆಮನೆಯ ಕೆಲಸಗಾರರ ಸಹಕಾರ ಸಂಘದ ಅಧ್ಯಕ್ಷೆ. ಕನ್ನಡಕದ ಗಾಜಿಗೆ ಸಾಣೆ ಹಿಡಿಯುತ್ತಲೇ ಮುದುಕಿಯಾದವಳು. ಪ್ರತಿ ಸಭೆಯನ್ನೂ ಒಂದು ಹಿತ್ತಾಳೆಯ ಕೈಗಂಟೆ ಹೊಡೆದು ಶುರುಮಾಡಿ, ಗಂಟೆ ಹೊಡೆದೇ ಮುಗಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಆಕೆ ‘ಗಂಟೆಯಮ್ಮ’. ಕಳೆದ ವಾರ ಆಕೆ ಇದೇ ಮನೆಯಲ್ಲಿ ಉಸಿರು ನಿಂತು ತೀರಿಕೊಂಡಳು. ಅದೇ ಹೊತ್ತಿಗೆ ಆಕೆಯ ಫೋನಿನಿಂದ ಹೋದ ಒಂದು ಮತ ಸಾಣೆಮನೆಗೆ ಬೀಗ ಹಾಕಿಸುವ ಗೊತ್ತುವಳಿಯನ್ನು ಗೆಲ್ಲಿಸಿತ್ತು.

ಸಂಘದ ಪರವಾಗಿ ತೀರ್ಮಾನ ಮಾಡಲು ಏಳು ಜನರ ಒಂದು ಕಾರ್ಯತಂಡ ಇತ್ತು. ಮುಚ್ಚಬೇಕು ಎಂದು ಮೂವರು, ಬೇಡ ಎಂದು ಮೂವರು. ಸಮ ಬಂದಾಗ ಮಾತ್ರ ಅಧ್ಯಕ್ಷರ ಮತ. ಗಂಟೆಯಮ್ಮ ಜೀವಮಾನವಿಡೀ ಒಂದೇ ಮಾತು ಹೇಳಿಕೊಂಡು ಬಂದಿದ್ದಳು: “ಸಮ ಬಂದ್ರೆ ಇದ್ದದ್ದು ಇದ್ದ ಹಾಗೇ ಇರ್ಲಿ. ನೂರು ಜನ ಕಟ್ಟಿದ್ದನ್ನ ಒಂದು ಕೈ ಕೆಡವಬಾರದು.” ಎಷ್ಟೋ ಸಲ ಸಮ ಬಂದಿತ್ತು. ಒಂದು ಸಲವೂ ಆಕೆ ಮಾತು ತಪ್ಪಿರಲಿಲ್ಲ. ಕೊನೆಯ ಸಲ ಮಾತ್ರ ಎಲ್ಲರ ಫೋನಿನಲ್ಲೂ ಮೂಡಿದ್ದು ‘ಹೌದು’.

ಹೆಣದ ಹಿಂದೆ ಹೋದವರು ಇಬ್ಬರು. ಮಗಳು ಮತ್ತು ಈ ಮಾವ.

“ಬನ್ನಿ ಸರ್,” ಎಂದ ಮಾವ, ಬಟ್ಟೆ ಹಿಂಡುತ್ತಾ. ಅಕ್ಕನ ಹತ್ತಿರವೇ ಸಾಣೆ ಕಲಿತವನು. ಕಾರ್ಯತಂಡದ ಸದಸ್ಯ. ಮುಚ್ಚಬೇಡಿ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದವನು. “ನೋಡಿ, ಬದುಕಿದ್ದಾಗ ಅಕ್ಕನ ಎದುರು ತಲೆ ಎತ್ತದವರು ಈಗ ಬಾಗಿಲ ಮೇಲೆ ಬರೀತಾರೆ. ಸತ್ತ ಎಮ್ಮೆಗೆ ಸೇರು ಹಾಲು ಅಂತಾರೆ. ನಮ್ಮ ಪಾಲಿಗೆ ಅದೂ ಇಲ್ಲ.”

“ಕೊನೆಗಾಲದಲ್ಲಿ ನೀವು ಜೊತೆಗಿದ್ರಿ, ಅಲ್ವಾ?”

“ಇದ್ದೆ ಸರ್. ದಿನಾ ಬರ್ತಿದ್ದೆ. ಅವತ್ತು ಉಸಿರಾಟ ಜಾಸ್ತಿ ಆಗಿತ್ತು. ಇವಳು ಆಕ್ಸಿಜನ್ ಸಿಲಿಂಡರ್ ತರ್ತೀನಿ ಅಂತ ಕ್ಲಿನಿಕ್‌ಗೆ ಓಡಿದ್ಲು. ಇವಳು ಮೆಟ್ಟಿಲಿಳಿಯೋದಕ್ಕೂ ಅಕ್ಕನ ಉಸಿರು ನಿಲ್ಲೋದಕ್ಕೂ ಸರಿಹೋಯ್ತು. ನನ್ನ ತೊಡೆ ಮೇಲೇ ಹೋದ್ಲು.” ಅವನು ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದ. “ಅದಕ್ಕೆ ಮೊದಲೇ ಮತ ಮುಗಿದಿತ್ತು. ಫೋನು ಪಕ್ಕದಲ್ಲಿತ್ತು. ನಾನು ಅದರ ಕಡೆ ನೋಡ್ಲೂ ಇಲ್ಲ.”

ಮಗಳು ಬಕೆಟ್ಟಿನೊಳಗೆ ಕೈ ಹಾಕಿ ಹಾಗೇ ನಿಂತಿದ್ದಳು.

“ನಾಳೆ ಸಂಜೆ ಗಡುವು ಮುಗಿಯುತ್ತೆ,” ಎಂದ ಮಾವ. “ಅಷ್ಟರೊಳಗೆ ಸದಸ್ಯರಲ್ಲಿ ಒಬ್ಬರು ಆಕ್ಷೇಪ ಎತ್ತಬೇಕು. ಬೇರೆ ಯಾರೂ ಎತ್ತಲ್ಲ. ನೀವೊಂದು ಆಧಾರ ಕೊಡಿ ಸರ್, ನಾನು ಎತ್ತುತ್ತೀನಿ. ಇಲ್ಲದಿದ್ರೆ ಅಕ್ಕನ ಹೆಸರಿಗೆ ಈ ಟಾರು ಶಾಶ್ವತ.” ಪಾಳಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ಇಳಿದು ಹೋದ.

ಒಳಗೆ ಒಂದೇ ಕೋಣೆ. ಗೋಡೆಗೆ ತಾಗಿದ ಮಂಚ, ದಿಂಬಿನ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ಔಷಧಿಯ ಬಾಟಲಿಗಳು. ಕಿಟಕಿಯಾಚೆ ಸಾಣೆಮನೆಯ ತಗಡಿನ ಮಾಡು, ಅದರ ಮೇಲೆ ಬೂದು ಆಕಾಶ. ತಗಡಿಗೂ ಆಕಾಶಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಸ್ಟೂಲಿನ ಮೇಲೆ ಬಾಟಲಿಗಳ ನಡುವೆ ಒಂದು ಖಾಲಿ ಜಾಗ ಇತ್ತು. ಧೂಳಿನಲ್ಲಿ ದುಂಡನೆಯ ಗುರುತು.

“ಇಲ್ಲೇನಿತ್ತು?”

“ಅಮ್ಮನ ಗಂಟೆ. ಆರು ತಿಂಗಳಿಂದ ಕೂಗೋಕೆ ಉಸಿರೇ ಇರ್ಲಿಲ್ಲ. ಏನಾದ್ರೂ ಬೇಕಾದ್ರೆ ಗಂಟೆ ಹೊಡೀತಿದ್ಲು. ಹೆಣ ತೆಗೆಯೋ ಗಡಿಬಿಡೀಲಿ ಎಲ್ಲಿ ಹೋಯ್ತೋ. ಹುಡುಕಿ ಹುಡುಕಿ ಸಾಕಾಯ್ತು.”

ಪತ್ತೇದಾರ ಜೇಬಿನಿಂದ ಒಂದು ಲವಂಗ ತೆಗೆದು ದವಡೆಯಲ್ಲಿ ಇಟ್ಟುಕೊಂಡ. ಇಬ್ಬರೇ ಹೋದ ಶವಯಾತ್ರೆಯಲ್ಲಿ ಎಂಥ ಗಡಿಬಿಡಿ? ಕೇಳಲಿಲ್ಲ.

“ಫೋನು ತೋರ್ಸಿ.”

ಅವಳು ಅಲಮಾರಿಯಿಂದ ತಾಯಿಯ ಫೋನು ತಂದಳು. ಕೊಡುವ ಮುಂಚೆ ಅಭ್ಯಾಸದಿಂದೆಂಬಂತೆ ಹೆಬ್ಬೆರಳಿಟ್ಟಳು. ಪರದೆ ಬೆಳಗಿತು.

“ಅಮ್ಮನ ಬೆರಳಿಗೂ ತೆರೀತಿತ್ತಾ?”

“ಹೂಂ,” ಎಂದಳು. ಹೂಂ ಎನ್ನಲು ಒಂದು ಗುಟುಕು ನೀರು ನುಂಗುವಷ್ಟು ಹೊತ್ತು ಹಿಡಿಯಿತು.

“ಮತ ಹಾಕಿದ್ದು?”

“ಅಮ್ಮನೇ ಸರ್. ನಾನು ನೋಡ್ಲಿಲ್ಲ.” ಆಮೇಲೆ ತಟ್ಟನೆ ಅವನ ತೋಳು ಹಿಡಿದಳು. “ಸಾಣೆಮನೆ ಉಳೀಲಿ, ಹೋಗ್ಲಿ, ನನಗೆ ಬೇಡ ಸರ್. ಅದರ ಗಾಜಿನ ಪುಡಿ ತಿಂದೇ ಅಮ್ಮ ಸತ್ತಿದ್ದು. ಮುಚ್ಚು ಮುಚ್ಚು ಅಂತ ಅಮ್ಮನ ಜೊತೆ ಬೀದೀಲಿ ನಿಂತು ಜಗಳ ಆಡಿದೋಳು ನಾನು. ಆದ್ರೆ ಅಮ್ಮ ಮಾತು ತಪ್ಪಿದ್ಲಾ, ಇಲ್ವಾ? ಅಷ್ಟು ಹೇಳಿಬಿಡಿ ಸಾಕು.”

ಸಾಕ್ಷಿಗಳು ಸುಳ್ಳು ಹೇಳುವುದು ಪತ್ತೇದಾರನಿಗೆ ಹೊಸತಲ್ಲ. ಕರೆಸಿದವಳೇ ಸುಳ್ಳು ಹೇಳಿದರೆ ಮಾತ್ರ ಬಾಯಲ್ಲಿದ್ದ ಲವಂಗವೂ ಕಹಿಯಾಗುತ್ತದೆ.

ಸಾಣೆಮನೆಯಲ್ಲಿ ಚಕ್ರಗಳು ತಿರುಗುತ್ತಲೇ ಇದ್ದವು. ಬೀಗ ಬೀಳುವವರೆಗೆ ಕೆಲಸ ನಿಲ್ಲಿಸುವಂತಿಲ್ಲವಂತೆ. ಉದ್ದನೆಯ ಹಜಾರ, ಎರಡು ಸಾಲು ಚಕ್ರ, ಪ್ರತಿ ಚಕ್ರದ ಮೇಲೂ ತೊಟ್ಟಿಕ್ಕುವ ನೀರು. ಗಾಜಿನ ಪುಡಿ ನೀರಿನೊಂದಿಗೆ ಬೂದು ಕೆಸರಾಗಿ ಕಾಲಡಿಯ ಕಾಲುವೆಯಲ್ಲಿ ಹರಿಯುತ್ತಿತ್ತು. ಒಣಗಿದ್ದು ಗಾಳಿಗೆ ಏಳುತ್ತಿತ್ತು.

ಬಾಗಿಲ ಬಳಿಯ ಚಕ್ರದಲ್ಲಿದ್ದ ಮುದುಕನಿಗೆ ಪತ್ತೇದಾರ ಕೈ ಕೊಟ್ಟ. ಮುದುಕ ಒರೆಸಿಕೊಂಡು ಕೈ ಹಿಡಿದ. ಆ ಬೆರಳುಗಳು ನುಣ್ಣಗಿದ್ದವು. ತಣ್ಣಗೆ, ಗೆರೆಯೇ ಇಲ್ಲದಂತೆ, ತೊಳೆದಿಟ್ಟ ಗಾಜಿನ ಲೋಟದ ಹಾಗೆ.

“ಎಷ್ಟು ವರ್ಷ ಆಯ್ತು ಯಜಮಾನ್ರೇ?”

“ಬೆರಳು ಸವೆಯೋಷ್ಟು,” ಎಂದ ಮುದುಕ. “ಗಾಜು ಸವೆಸ್ತೀವಿ, ಗಾಜು ನಮ್ಮನ್ನ ಸವೆಸುತ್ತೆ. ಲೆಕ್ಕ ಚುಕ್ತಾ.”

“ಗಂಟೆಯಮ್ಮನ ಕೈನೂ ಹೀಗೇ ಇತ್ತಾ?”

ಮುದುಕ ಕೈ ಹಿಂದಕ್ಕೆಳೆದುಕೊಂಡ. “ಆ ಹೆಸರು ಇಲ್ಲಿ ಎತ್ತಬೇಡಿ,” ಎಂದು ಚಕ್ರದ ಕಡೆ ತಿರುಗಿದ. ಸ್ವಲ್ಪ ಹೊತ್ತಿನ ಮೇಲೆ, ಚಕ್ರಕ್ಕೇ ಹೇಳುವವನಂತೆ ಗೊಣಗಿದ: “ನನ್ನ ಕೈಗಿಂತ ನುಣುಪಿತ್ತು.”

ಎದುರು ಸಾಲಿನಲ್ಲಿ ಯಾರೋ ಕೆಮ್ಮತೊಡಗಿದರು. ಗಟ್ಟಿಮುಟ್ಟಾದ ತರುಣ. ಮೊದಲು ಸಣ್ಣಗೆ ಕೆಮ್ಮಿದ, ಆಮೇಲೆ ಚಕ್ರ ನಿಲ್ಲಿಸಿ ಎರಡು ಮಡಿಕೆಯಾಗಿ ಬಾಗಿ ಕೆಮ್ಮಿದ. ಅವನ ಹಿಂದೆ ಸೋದರಮಾವ ನೀರಿನ ಚೊಂಬು ಹಿಡಿದು ನಿಂತಿದ್ದ. ತರುಣನ ಮುಖದಲ್ಲೂ ಅದೇ ಮೂಗು, ಅದೇ ಗದ್ದ. ಮಗನಿರಬೇಕು. ಅವನು ಕೂತಿದ್ದ ಚಕ್ರದ ಮೇಲ್ಗಡೆ ಗಂಟೆಯಮ್ಮನ ಹಳೆಯ ಮುಖವಸ್ತ್ರ ಇನ್ನೂ ಮೊಳೆಗೆ ನೇತಾಡುತ್ತಿತ್ತು. ಅತ್ತೆಯ ಜಾಗಕ್ಕೆ ಸೋದರಳಿಯ ಬಂದಿದ್ದ.

ಕೆಮ್ಮು ನಿಲ್ಲುವವರೆಗೂ ಮಾವ ಮಗನ ಬೆನ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ತಲೆ ಎತ್ತಿದವನು ಪತ್ತೇದಾರನನ್ನು ಕಂಡು, ಏನಾದರೂ ಸಿಕ್ಕಿತೇ ಎಂಬಂತೆ ಹುಬ್ಬು ಹಾರಿಸಿದ. ಪತ್ತೇದಾರ ಮಹಡಿಯ ಕಡೆ ಬೆರಳು ತೋರಿಸಿ ಮೆಟ್ಟಿಲು ಹತ್ತಿದ.

ಸಂಘದ ಕಾರ್ಯದರ್ಶಿಯನ್ನು ಹಿಂದಿನಿಂದ ಎಲ್ಲರೂ ‘ರೂಲ್ಸ್ ರಾಯ’ ಎನ್ನುತ್ತಿದ್ದರು. ಮುಂದಿನಿಂದ ಅಂದರೂ ಅವನು ಬೇಸರ ಮಾಡಿಕೊಳ್ಳುತ್ತಿರಲಿಲ್ಲವೇನೋ. ಗಾಜಿನ ಪುಡಿ ಮುತ್ತಿದ ಆ ಕಟ್ಟಡದಲ್ಲಿ ಇಸ್ತ್ರಿ ಕೆಡದ ಅಂಗಿ ಅವನದೊಂದೇ.

ಪತ್ತೇದಾರ ಸಿಕ್ಕ ಕುರ್ಚಿಯಲ್ಲಿ ದೊಪ್ಪನೆ ಕೂತ.

“ಕ್ರಿಯಾಲೋಪ!” ಸಭೆಯಲ್ಲಿ ನಿಯಮ ತಪ್ಪಿದವರನ್ನು ತಡೆಯುವಂತೆ ರೂಲ್ಸ್ ರಾಯ ಬೆರಳೆತ್ತಿದ. “ಅದು ಅಧ್ಯಕ್ಷರ ಪೀಠ. ಬೇರೆಯವರು ಕೂರೋ ಹಾಗಿಲ್ಲ.”

“ಸತ್ತವರ ಕುರ್ಚಿಗೂ ನಿಯಮ ಇದ್ಯಾ?”

“ಹೊಸಬರು ಆಯ್ಕೆ ಆಗೋವರೆಗೂ ಇದೆ.”

ಪತ್ತೇದಾರ ಮಂಡಿಯನ್ನು ಬೈದುಕೊಳ್ಳುತ್ತಾ ಎದ್ದು ಸ್ಟೂಲಿಗೆ ಬದಲಾಯಿಸಿದ. “ಸಭೆಯನ್ನ ಫೋನಿಗೆ ತಂದಿದ್ದು ನೀವೇ ಅಂತೆ.”

ಅಷ್ಟು ಸಾಕಾಯಿತು. ರೂಲ್ಸ್ ರಾಯನ ಮುಖ ಅರಳಿತು. “ಮೂರು ಪಾಳಿ ಸರ್. ಏಳು ಜನ ಒಂದೇ ಕಡೆ ಸೇರೋದೇ ಆಗ್ತಿರ್ಲಿಲ್ಲ. ಕೋರಂ ಇಲ್ಲ, ಸಭೆ ಮುಂದಕ್ಕೆ. ಕೋರಂ ಇಲ್ಲ, ಸಭೆ ಮುಂದಕ್ಕೆ. ನಾನೇ ಕೂತು ಫೋನಿಗೆ ಇಳಿಸಿದೆ. ಸೂಚಕರು ಯಾರು, ಅನುಮೋದಕರು ಯಾರು, ಚರ್ಚೆ, ಮತ, ಎಲ್ಲಾ ಕೋಣೆಯಲ್ಲಿ ಹೇಗಿತ್ತೋ ಹಾಗೇ. ಕೂದಲೆಳೆಯಷ್ಟೂ ಬದಲಾಯಿಸ್ಲಿಲ್ಲ. ಅಧ್ಯಕ್ಷರ ಗಂಟೆ ಸಮೇತ. ಅವರ ಫೋನಿನಲ್ಲಿ ಮಾತ್ರ ಒಂದು ಗಂಟೆ ಚಿತ್ರ ಇದೆ. ಅದನ್ನ ಮುಟ್ಟಿದ್ರೆ ಮತದಾನ ಮುಗೀತು, ಫಲಿತಾಂಶ ಎಲ್ಲರಿಗೂ ಹೋಗುತ್ತೆ. ಮುಟ್ಟೋವರೆಗೂ ಮುಗಿಯಲ್ಲ.”

“ಮತ ಹಾಕೋದು?”

“ಹೆಬ್ಬೆರಳಿಟ್ಟು ತೆರೀಬೇಕು. ಒಬ್ಬರಿಗೆ ಒಂದೇ ಬೆರಳು, ಒಂದೇ ಮತ.”

“ಕೆಳಗೆ ಒಬ್ಬ ಯಜಮಾನರ ಕೈ ಹಿಡಿದೆ. ಅವರಿಗೆ ಬೆರಳಿದೆ, ಗೆರೆ ಇಲ್ಲ.”

ರೂಲ್ಸ್ ರಾಯನ ನಗು ಸ್ವಲ್ಪ ಮಾಸಿತು. “ಹೌದು. ಅದು ಆಮೇಲೆ ಗೊತ್ತಾಯ್ತು. ಸಾಣೆಯವರ ಬೆರಳನ್ನ ಯಾವ ಫೋನೂ ಗುರುತು ಹಿಡಿಯಲ್ಲ. ಅದಕ್ಕೂ ನಿಯಮ ಮಾಡಿದ್ವಿ. ಅವರು ನನಗೆ ಫೋನ್ ಮಾಡಿ ಬಾಯಲ್ಲಿ ಹೇಳ್ಬೇಕು, ಇನ್ನೊಬ್ಬ ಸದಸ್ಯರು ಅದನ್ನ ಕೇಳಿಸಿಕೊಳ್ಬೇಕು. ಆಗ ನಾನು ಇಲ್ಲಿಂದ ದಾಖಲು ಮಾಡ್ತೀನಿ. ಧ್ವನಿ ಮತ.”

“ಯಾರ್‍ಯಾರಿಗೆ ಧ್ವನಿ ಮತ?”

“ಇಬ್ಬರಿಗೆ. ಅಧ್ಯಕ್ಷರಿಗೆ, ಮತ್ತೆ ಅವರ ತಮ್ಮನಿಗೆ.”

“ಹಾಗಾದ್ರೆ ಅವತ್ತು ಅಧ್ಯಕ್ಷರ ಧ್ವನಿ ನಿಮಗೆ ಕೇಳಿಸಿರ್ಬೇಕಲ್ಲ.”

ಕೆಳಗಿನ ಚಕ್ರಗಳ ಸದ್ದು ನೆಲದ ಹಲಗೆಗಳ ಮೂಲಕ ಏರಿ ಬರುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ರೂಲ್ಸ್ ರಾಯ ಮುಟ್ಟಿಕೊಂಡದ್ದು ಅಂಗಿಯ ಕಾಲರ್.

“ಕೇಳಿಸ್ಲಿಲ್ಲ,” ಎಂದ ಕೊನೆಗೆ. “ಮತ ಅವರ ಫೋನಿನಿಂದ ನೇರವಾಗಿ ಬಂತು. ಬೆರಳಿಟ್ಟು ತೆರೆದ ಪುಟದಿಂದ.”

“ಗೆರೆಯಿಲ್ಲದ ಬೆರಳಿಟ್ಟು.”

“ಮಗಳು ಏನೋ ಸರಿ ಮಾಡಿಸಿರ್ಬೇಕು ಅಂದ್ಕೊಂಡೆ.”

“ಕೇಳಿದ್ರಾ?”

“ಆಕ್ಷೇಪ ಯಾರೂ ಎತ್ತಲಿಲ್ಲ ಸರ್. ಎತ್ತದಿದ್ರೆ ಒಪ್ಪಿಗೆ ಅಂತ ನಮ್ಮ ನಿಯಮ. ಮೌನಂ ಸಮ್ಮತಿ ಲಕ್ಷಣಂ.”

ಪತ್ತೇದಾರನಿಗೆ ಸಿಟ್ಟು ನೆತ್ತಿಗೇರಿತು. ಸ್ಟೂಲು ಹಿಂದಕ್ಕೆ ತಳ್ಳಿ ಎದ್ದ. “ಸ್ವಾಮೀ, ನೀವು ಮುಚ್ಚಬೇಕು ಅಂತ ಕೈ ಎತ್ತಿದವರು. ನಿಮಗೆ ಬೇಕಾದ ಉತ್ತರ ಬಂತು, ಬಾಯಿ ಮುಚ್ಕೊಂಡು ಕೂತ್ರಿ. ಅಲ್ಲಿ ಒಂದು ಹೆಣ್ಣುಮಗಳು ತಾಯಿ ಹೆಸರಿಗೆ ಹತ್ತಿದ ಟಾರು ಉಜ್ತಾ ಕೂತಿದ್ದಾಳೆ. ನಿಮ್ಮ ಅಂಗಿಗೆ ಅದು ಒಂದು ಹನಿ ಸಿಡಿದಿದ್ರೆ ಗೊತ್ತಾಗ್ತಿತ್ತು!”

ರೂಲ್ಸ್ ರಾಯ ಕೂತಲ್ಲೇ ಕುಗ್ಗಿದ. ಗಾಜಿನ ಕಿಟಕಿಯಿಂದ ಕೆಳಗೆ ನೋಡಿದ, ಮತ್ತೆ ಖಾಲಿ ಪೀಠದ ಕಡೆ ನೋಡಿದ. ಆ ಪೀಠದ ಎದುರು ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ ಅಂತ ಕಾಣುತ್ತದೆ.

“ಮೊದಲು ಬಂದಿದ್ದು ‘ಹೌದು’ ಅಲ್ಲ,” ಎಂದ ಮೆಲ್ಲಗೆ.

“ಏನಂದ್ರಿ?”

“ಮೊದಲು ‘ಬೇಡ’ ಅಂತ ಬಂತು. ನನ್ನ ಪರದೆಯಲ್ಲಿ ಮಾತ್ರ ಕಾಣುತ್ತೆ, ಕೋಣೆಯಲ್ಲಿ ಕೈಗಳನ್ನ ಎಣಿಸೋನು ನಾನೇ ಅಲ್ವಾ. ಮುಗೀತು, ಸೋತ್ವಿ ಅಂದ್ಕೊಂಡೆ. ಗಂಟೆಗೆ ಕಾಯ್ತಿದ್ದೆ. ಗಂಟೆ ಬರ್ಲಿಲ್ಲ. ಒಂದು ಲೋಟ ಚಹಾ ಕುಡಿದು ಮುಗಿಸೋಷ್ಟು ಹೊತ್ತಾಯ್ತು. ಆಮೇಲೆ ‘ಬೇಡ’ ಹೋಗಿ ‘ಹೌದು’ ಆಯ್ತು. ಅದರ ಹಿಂದೇನೇ ಗಂಟೆ.”

“ಇದನ್ನ ಯಾರಿಗೂ ಹೇಳ್ಲಿಲ್ಲ?”

“ಕೋಣೆಯಲ್ಲಿ ಎತ್ತಿದ ಕೈಯನ್ನ ಗಂಟೆ ಹೊಡೆಯೋವರೆಗೂ ಇಳಿಸಬಹುದು ಸರ್. ಅದು ಸದಸ್ಯರ ಹಕ್ಕು. ಫೋನಿನಲ್ಲೂ ಹಾಗೇ ಇಟ್ಟೆ. ಇಳಿಸಿದ ಕೈಯನ್ನ ನಡವಳಿಯಲ್ಲಿ ಬರೆಯೋ ಪದ್ಧತಿ ಯಾವತ್ತೂ ಇರ್ಲಿಲ್ಲ.”

“ಬದಲಾಯಿಸೋಕೆ ಮತ್ತೆ ಬೆರಳಿಡಬೇಕಾ?”

“ಬೇರೆ ಸದಸ್ಯರು ಇಡಬೇಕು. ಅಧ್ಯಕ್ಷರು ಬೇಕಿಲ್ಲ. ಸಭೆ ನಡೀವಾಗ ಅಧ್ಯಕ್ಷರು ಪೀಠ ಬಿಟ್ಟು ಏಳೋ ಹಾಗಿಲ್ಲ, ಅದಕ್ಕೆ ಅವರ ಪುಟ ಒಮ್ಮೆ ತೆರೆದ್ರೆ ಗಂಟೆ ಹೊಡೆಯೋವರೆಗೂ ತೆರೆದೇ ಇರುತ್ತೆ.” ಹೇಳುತ್ತಾ ಹೇಳುತ್ತಾ ಅವನ ದನಿ ಇಳಿಯಿತು. ಕೋಣೆಯಲ್ಲಿ ಪೀಠದ ಮೇಲೆ ಯಾರು ಕೂತಿದ್ದಾರೆಂದು ಎಲ್ಲರಿಗೂ ಕಾಣುತ್ತದೆ. ಫೋನಿನಲ್ಲಿ ಕಾಣುವುದಿಲ್ಲ. ಕೂದಲೆಳೆಯಷ್ಟೂ ಬದಲಾಯಿಸದವನಿಗೆ ಅದು ಈಗ ಹೊಳೆಯಿತು.

“ಅಂದ್ರೆ ಆ ಫೋನು ಯಾರ ಕೈಲಿದ್ರೂ ಆಗ್ತಿತ್ತು.”

ರೂಲ್ಸ್ ರಾಯ ಹೌದೆಂದು ತಲೆಯಾಡಿಸಿದ.

“ನೀವಾಗ ಎಲ್ಲಿದ್ರಿ?”

“ಇಲ್ಲೇ ಸರ್. ಇಬ್ಬರು ಸದಸ್ಯರು ಎದುರಿಗೇ ಇದ್ರು, ಕೇಳಿ ಬೇಕಾದ್ರೆ. ನಾಳೆ ಯಾರಾದ್ರೂ ಸದಸ್ಯರು ಆಕ್ಷೇಪ ಎತ್ತಿದ್ರೆ ಇದೆಲ್ಲಾ ಹೇಳ್ತೀನಿ. ಹೇಳ್ಲೇಬೇಕು. ಕೇಳದೆ ನಾನಾಗಿ ಹೇಳೋ ಹಾಗಿಲ್ಲ.”

“ಎತ್ತುತ್ತಾರೆ,” ಎಂದ ಪತ್ತೇ‌ದಾರ. “ಅವರ ತಮ್ಮ ಮಾತು ಕೊಟ್ಟಿದ್ದಾನೆ.”

ಸಂಜೆಗೆ ಮೋಡ ಇನ್ನೂ ಕೆಳಗಿಳಿದಿತ್ತು. ಗಂಟೆಯಮ್ಮನ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬ ದರ್ಜಿ ಬಾಗಿಲು ತೆರೆದಿಟ್ಟುಕೊಂಡು ಹೊಲಿಯುತ್ತಿದ್ದ. ಮಂಡಿಗೆ ವಿಶ್ರಾಂತಿ ಕೊಡಲು ಪತ್ತೇದಾರ ಅವನ ಹೊಸ್ತಿಲಲ್ಲಿ ನಿಂತ. ನಿಂತವನಿಗೆ ಬಾಯಿ ಸುಮ್ಮನಿರಬೇಕಲ್ಲ.

“ಗಂಟೆಯಮ್ಮ ಹೋದ ದಿನ ಇಲ್ಲೇ ಇದ್ರಾ?”

“ಎಲ್ಲಿಗೆ ಹೋಗ್ಲಿ? ಈ ಮಷಿನ್ನಿಗೇ ನನ್ನ ಮದುವೆ ಆಗಿರೋದು.” ದರ್ಜಿ ತಲೆ ಎತ್ತಲಿಲ್ಲ. “ಆ ಹುಡುಗಿ ಚಪ್ಪಲಿನೂ ಇಲ್ದೆ ಓಡಿ ಹೋಗಿದ್ದು ನೋಡಿದೆ. ಈ ಬಾಗಿಲ ಮುಂದೇನೇ.”

“ಆಮೇಲೆ?”

“ಆಮೇಲೆ ಗಂಟೆ ಬಡ್ಕೊಳ್ತು.”

ಪತ್ತೇದಾರನ ಲವಂಗ ದವಡೆಯಲ್ಲೇ ನಿಂತಿತು. “ಯಾವ ಗಂಟೆ?”

“ಅವರದೇ, ಇನ್ಯಾವುದು? ದಿನಾ ಕೇಳ್ತಿದ್ನಲ್ಲ. ಬೇರೆ ದಿನ ಎರಡು ಸಲ ಟಣ್ ಟಣ್ ಅಂತಿತ್ತು, ಅಷ್ಟೆ. ಅವತ್ತು ಒಂದೇ ಸಮ. ಬಡೀತು, ಬಡೀತು, ಬಡೀತು. ಆಮೇಲೆ ತಟ್ಟನೆ ನಿಂತೋಯ್ತು.” ಅವನ ಕಾಲು ಮಷಿನ್ನಿನ ಮೇಲೆ ತಡೆಯಿತು. “ಗಂಟೆ ಹೊಡೆದು ಬಿಟ್ರೆ ಗುಂಯ್ ಅಂತ ಸ್ವಲ್ಪ ಹೊತ್ತು ಉಳಿಯುತ್ತಲ್ಲ ಸ್ವಾಮಿ? ಅದೂ ಇಲ್ಲ. ಯಾರೋ ಕೈಯಲ್ಲಿ ಮುಚ್ಚಿ ಹಿಡಿದ ಹಾಗೆ.”

“ನೀವು ಮೇಲಕ್ಕೆ ಹೋಗ್ಲಿಲ್ವಾ?”

“ತಮ್ಮ ಇದ್ದಾನಲ್ಲ, ನೋಡ್ಕೋತಾನೆ ಅಂದ್ಕೊಂಡೆ.” ದರ್ಜಿ ಬಟ್ಟೆಯ ಅಂಚನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. “ಹೋಗ್ಬೇಕಾಗಿತ್ತು.”

ಉಳಿದ ಮೆಟ್ಟಿಲುಗಳನ್ನು ಪತ್ತೇದಾರ ನಿಧಾನವಾಗಿ ಹತ್ತಿದ. ಈ ಸಲ ಮಂಡಿಯದ್ದೇನೂ ತಪ್ಪಿರಲಿಲ್ಲ. ಮೇಲೆ ಕಾಯುತ್ತಿದ್ದ ಹುಡುಗಿಗೆ ಕೊಡಬೇಕಾದ ಸಮಾಧಾನದ ಹಿಂದೆಯೇ ಇನ್ನೊಂದು ಮಾತು ನಿಂತಿತ್ತು. ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗುವ ಉಪಾಯ ಅವನಿಗೆ ಹೊಳೆಯಲಿಲ್ಲ.

ಮಗಳು ಮಂಚದ ಅಂಚಿನಲ್ಲಿ ಕೂತಿದ್ದಳು. ದೀಪ ಹಾಕಿರಲಿಲ್ಲ.

“ಅಮ್ಮನ ಬೆರಳಿಗೆ ಆ ಫೋನು ಯಾವತ್ತೂ ತೆರೆದಿಲ್ಲ,” ಎಂದ ಪತ್ತೇದಾರ. “ನಿಮ್ಮ ಬೆರಳಿಗೆ ಮಾತ್ರ ತೆರೆಯುತ್ತೆ.”

ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಆಮೇಲೆ ಕಟ್ಟೆ ಒಡೆಯಿತು.

“ಅಮ್ಮನೇ ಹೇಳಿದ್ಲು ಸರ್, ‘ಬೇಡ’ ಒತ್ತು ಅಂತ. ರೂಲ್ಸ್ ರಾಯರಿಗೆ ಫೋನ್ ಮಾಡಿ ಮಾತಾಡೋಕೆ ಅವಳ ಹತ್ರ ಉಸಿರೇ ಇರ್ಲಿಲ್ಲ. ನಾನು ಬೆರಳಿಟ್ಟು ತೆರೆದೆ, ಒತ್ತಿದೆ. ಅಮ್ಮ ಆ ಕಡೆ ಒದ್ದಾಡ್ತಿದ್ಲು, ನನಗೆ ಕಣ್ಣು ಕತ್ತಲೆ ಕಟ್ಟಿತ್ತು. ಯಾವುದನ್ನ ಒತ್ತಿದೆ ಅಂತ ಸರಿಯಾಗಿ ನೋಡ್ಲಿಲ್ಲ. ಆಮೇಲೆ ಎಲ್ಲರ ಫೋನಿನಲ್ಲೂ ಹೌದು ಅಂತ ಬಂತಲ್ಲ, ಆಗಿನಿಂದ ಒಂದೇ ಯೋಚನೆ. ಅಮ್ಮ ಅಲ್ಲ, ನಾನೇ. ಮುಚ್ಚಲಿ ಅಂತ ಒಳಗೇ ಆಸೆ ಇತ್ತಲ್ಲ, ಅದಕ್ಕೆ ನನ್ನ ಬೆರಳೇ ಮೋಸ ಮಾಡ್ತಾ? ಯಾರ ಹತ್ರ ಹೇಳ್ಲಿ? ಯಾರು ನಂಬ್ತಾರೆ? ಟಾರು ಬಳಿಯೋದಾದ್ರೆ ಈ ಬೆರಳಿಗೆ ಬಳೀಬೇಕು ಸರ್, ಅಮ್ಮನ ಬಾಗಿಲಿಗಲ್ಲ.”

“ನಿಮ್ಮ ಬೆರಳು ತಪ್ಪಲಿಲ್ಲಮ್ಮ,” ಎಂದ ಪತ್ತೇದಾರ. “ಮೊದಲು ಬಂದಿದ್ದು ‘ಬೇಡ’. ರೂಲ್ಸ್ ರಾಯ ಕಣ್ಣಾರೆ ನೋಡಿದ್ದಾನೆ. ನಿಮ್ಮಮ್ಮ ಮಾತು ತಪ್ಪಲಿಲ್ಲ.”

ಅವಳು ಮುಖ ಮುಚ್ಚಿಕೊಂಡಳು. ಅಷ್ಟು ದಿನದ ಅಳು ಸದ್ದಿಲ್ಲದೆ ಬಂತು, ಭುಜ ಮಾತ್ರ ಅಲುಗಿತು. ಪತ್ತೇದಾರ ಕಿಟಕಿಯ ಕಡೆ ತಿರುಗಿ ನಿಂತ. ಈ ಮಾತು ಹೇಳಲೆಂದೇ ಅವನು ಮೆಟ್ಟಿಲು ಹತ್ತಿದ್ದು. ಇಲ್ಲಿಗೇ ನಿಲ್ಲಿಸಿ ಮನೆಗೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

“ಗಂಟೆ ಚಿತ್ರ ಮುಟ್ಟಿದ್ದೂ ನೀವೇನಾ?”

“ಇಲ್ಲ.” ಅವಳು ಕಣ್ಣೊರೆಸಿಕೊಂಡಳು. “ಅಮ್ಮ ಬಿಡ್ಲಿಲ್ಲ. ‘ಗಂಟೆ ನಾನೇ ಹೊಡೀತೀನಿ, ಸ್ವಲ್ಪ ಉಸಿರು ಬರ್ಲಿ’ ಅಂದ್ಲು. ಫೋನನ್ನ ಹಾಗೇ ಅವಳ ಪಕ್ಕ ಇಟ್ಟು ಓಡಿದೆ.”

“ನೀವು ಓಡಿದ ಮೇಲೆ ಹಿತ್ತಾಳೆ ಗಂಟೆ ಹೊಡೆದಿದೆ. ಬಹಳ ಹೊತ್ತು. ಕೆಳಗಿನ ದರ್ಜಿ ಕೇಳಿಸ್ಕೊಂಡಿದ್ದಾನೆ.”

“ಇಲ್ಲ ಸರ್, ಅದು ಹೇಗಾಗುತ್ತೆ? ನಾನು ಮೆಟ್ಟಿಲಿಳೀತಿದ್ದ ಹಾಗೇ ಅಮ್ಮನ ಉಸಿರು ನಿಂತಿತ್ತಲ್ಲ. ಮಾವ...”

ಮಾತು ಅಲ್ಲೇ ಸತ್ತಿತು. ಅವಳ ಕಣ್ಣು ಸ್ಟೂಲಿನ ಮೇಲಿನ ದುಂಡನೆಯ ಗುರುತಿಗೆ ಹೋಯಿತು. ಅಲ್ಲಿಂದ ದಿಂಬಿಗೆ. ಅಲ್ಲಿಂದ ಪತ್ತೇದಾರನ ಮುಖಕ್ಕೆ. ಅವನು ತಲೆಯಾಡಿಸಲಿಲ್ಲ, ಕಣ್ಣೂ ತಪ್ಪಿಸಲಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು.

“ಏನಮ್ಮಾ, ದೀಪ ಹಾಕದೆ ಕೂತಿದ್ದೀಯಾ?” ಸೋದರಮಾವ ಬಾಗಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಕುಂಚ. ಕುಂಚವನ್ನು ಆಗಲೇ ಅದ್ದಿಬಿಟ್ಟಿದ್ದ. “ಆ ಟಾರು ಉಜ್ಜಿದ್ರೆ ಹೋಗಲ್ಲ ಕಣಮ್ಮ. ಬೆಳಕಿರೋವಾಗ್ಲೇ ಮೇಲೆ ಒಂದು ಸಲ ಬಳಿದುಬಿಡೋಣ ಅಂತ ತಂದೆ. ಏನ್ ಸರ್, ಸಿಕ್ತಾ ಆಧಾರ? ನಾಳೆ ನಾನು ಆಕ್ಷೇಪ ಎತ್ತಬೇಕು.”

ಮಗಳು ಎದ್ದು ನಿಂತಳು. ಆಸ್ಪತ್ರೆಯಲ್ಲಿ ಸಾವಿನ ಸುದ್ದಿ ಹೇಳುವಾಗ ತೆಗೆಯುವ ದನಿ ಇರಬೇಕು ಅದು, ಏರಿಳಿತವೇ ಇಲ್ಲ.

“ಮಾವ, ಒಂದು ಮಾತು ಹೇಳ್ತೀನಿ. ಆಕ್ಷೇಪ ಇದ್ರೆ ಈಗ್ಲೇ ಎತ್ತಿ.”

ಅವನು ನಗಲು ನೋಡಿದ.

“ನಾನು ಹೋದ ಮೇಲೂ ಅಮ್ಮ ಬದುಕಿದ್ಲು. ನೀವು ಅವಳ ಫೋನು ಮುಟ್ಟಿದ್ದನ್ನ ನೋಡಿದ್ಲು. ಕೂಗೋಕೆ ಉಸಿರಿರ್ಲಿಲ್ಲ, ಗಂಟೆ ಹೊಡೆದ್ಲು. ನೀವು ಅದನ್ನ ಅವಳ ಕೈಯಿಂದ ಕಿತ್ಕೊಂಡ್ರಿ.”

ಕುಂಚದಿಂದ ಒಂದು ಹನಿ ಹೊಸ್ತಿಲ ಮೇಲೆ ಬಿತ್ತು. ಇನ್ನೊಂದು ಬಿತ್ತು. ಕಿಟಕಿಯಾಚೆ ಸಾಣೆಮನೆಯಲ್ಲಿ ಯಾರೋ ಕೆಮ್ಮುತ್ತಿದ್ದರು. ಯಾರ ಕೆಮ್ಮೋ ತಿಳಿಯುವಷ್ಟು ಹತ್ತಿರವಿರಲಿಲ್ಲ, ಆದರೂ ಮಾವನ ಕಣ್ಣು ಒಂದು ಗಳಿಗೆ ಮಗನಿದ್ದ ಆ ಮಾಡಿನ ಕಡೆ ಹೋಗಿ ಬಂತು.

“ಆಕ್ಷೇಪ ಇದ್ಯಾ, ಮಾವ?”

ಅವನು ಬಾಯಿ ತೆರೆದ, ಮುಚ್ಚಿದ. ಡಬ್ಬಿಯನ್ನು ನೆಲಕ್ಕಿಟ್ಟ, ಕುಂಚವನ್ನು ಅದರ ಮೇಲೆ ಅಡ್ಡಲಾಗಿ ಇಟ್ಟ. ಹೊಸ್ತಿಲು ದಾಟಿ ಒಳಗೆ ಬಂದು ಬಾಗಿಲಿಗೆ ಅಡ್ಡ ನಿಂತ. ಆಮೇಲೆ ಅವಳ ಮುಖದಿಂದ ಕಣ್ಣು ತೆಗೆಯದೆ, ಗೆರೆಯಿಲ್ಲದ ಕೈಯನ್ನು ಬೆನ್ನ ಹಿಂದಕ್ಕೆ ಚಾಚಿ, ಬಾಗಿಲು ಎಳೆದು ಚಿಲಕ ಹಾಕಿದ.